ಮೊದಲ ದಿನದ ಓಟ, ಮೂರನೇ ದಿನದ ನೋವು

ಆದಿ ಉಡುಪಿಯ ನಮ್ಮ ಪಕ್ಕದ ಮನೆಯ ಹುಡುಗ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾನೆ. ಶಾಲೆಯ ಕ್ರೀಡಾಕೂಟಕ್ಕೆ ಹೆಸರು ಕೊಟ್ಟವನು ಒಂದು ಸೋಮವಾರ ಸಂಜೆ ಮೈದಾನಕ್ಕೆ ಇಳಿದ. ಮಳೆಗಾಲವಿಡೀ ಮನೆಯೊಳಗೇ ಕಳೆದಿದ್ದವನು ಅಂದು ಒಂದೇ ಉಸಿರಿಗೆ ಎಂಬಂತೆ ಹತ್ತು ಸುತ್ತು ಓಡಿದ. ಜತೆಗೆ ಕಪ್ಪೆ ಹಾರಾಟ, ಐವತ್ತು ಬಸ್ಕಿ. ಆ ರಾತ್ರಿ ಚೆನ್ನಾಗಿ ಉಂಡು ಚೆನ್ನಾಗಿ ನಿದ್ದೆ ಮಾಡಿದ. ಮಂಗಳವಾರ ಬೆಳಿಗ್ಗೆ ತೊಡೆ ಸ್ವಲ್ಪ ಬಿಗಿಯಾಗಿತ್ತು. ಬುಧವಾರ ಬಸ್ಸಿನಿಂದ ಇಳಿಯಲು ಕಂಬಿ ಹಿಡಿದು ಅಡ್ಡಡ್ಡ ಕಾಲಿಡಬೇಕಾಯಿತು.

ಮನೆಯಲ್ಲಿ ಮೂವರದು ಮೂರು ಮಾತು. "ಅಭ್ಯಾಸ ಇಲ್ಲ, ಅದಕ್ಕೆ ನೋವು. ಇವತ್ತೂ ಹೋಗಿ ಅಷ್ಟೇ ಓಡು, ತನ್ನಿಂದ ತಾನೇ ಹೋಗುತ್ತದೆ" ಎಂದರು ಅಪ್ಪ. "ಓಟವೂ ಬೇಡ, ಎಂಥದೂ ಬೇಡ. ಬರುವ ವರ್ಷ ಹತ್ತನೇ ಕ್ಲಾಸು ಉಂಟು" ಎಂದರು ಅಮ್ಮ. ಅಜ್ಜಿ ಮಾತ್ರ ನಗುತ್ತಾ, "ಎಣ್ಣೆ ಹಚ್ಚಿ ಬಿಸಿ ನೀರು ಮೀ ಮಗಾ. ನೇಜಿ ನೆಡುವಾಗ ನಮಗೂ ಹೀಗೇ. ಮೊದಲ ಎರಡು ದಿನ ಸೊಂಟ ಎತ್ತಲಿಕ್ಕೆ ಆಗುತ್ತಿರಲಿಲ್ಲ. ಎಂಟು ದಿನ ಕಳೆದರೆ ಗೊತ್ತೇ ಆಗುತ್ತಿರಲಿಲ್ಲ" ಎಂದರು.

ಇಂಥ ಸಂಭಾಷಣೆ ನಡೆಯದ ಮನೆಯೇ ಇಲ್ಲವೆನ್ನಬಹುದು. ಪಳಗದ ಸ್ನಾಯುವಿಗೆ ದುಡಿಮೆಯ ಹೊರೆ ಬಿದ್ದಾಗ ಅದರ ಜೀವಕೋಶಗಳೊಳಗೆ ಏನು ನಡೆಯುತ್ತದೆಂದು ತಿಳಿದರೆ, ಮೂವರ ಮಾತಿನಲ್ಲಿ ಯಾರದು ಎಷ್ಟು ಸರಿಯೆಂಬುದನ್ನು ನಾವೇ ತೀರ್ಮಾನಿಸಬಹುದು.

ಸ್ನಾಯುವಿನೊಳಗಿನ ಕೈರಂಪಣಿ

ತೊಡೆಯ ಸ್ನಾಯುವನ್ನು ಹಗ್ಗಕ್ಕೆ ಹೋಲಿಸಬಹುದು. ಹಗ್ಗದೊಳಗೆ ಹುರಿ, ಹುರಿಯೊಳಗೆ ನಾರು ಇರುವಂತೆ ಸ್ನಾಯುವಿನೊಳಗೆ ಕಟ್ಟುಗಳು, ಕಟ್ಟುಗಳೊಳಗೆ ತಂತುಗಳು. ಒಂದೊಂದು ತಂತುವೂ ಒಂದೊಂದು ಜೀವಕೋಶ. ಕೂದಲೆಳೆಗಿಂತಲೂ ಸಪುರ, ಆದರೆ ಉದ್ದ ಮಾತ್ರ ಹಲವು ಸೆಂಟಿಮೀಟರು. ದೇಹದ ಬಹುಪಾಲು ಜೀವಕೋಶಗಳಿಗೆ ಒಂದೇ ಕೋಶಕೇಂದ್ರವಾದರೆ, ಇಷ್ಟುದ್ದದ ಈ ಕೋಶಕ್ಕೆ ನೂರಾರು.

ಈ ತಂತುವಿನೊಳಗೆ ಸಾಲಾಗಿ ಜೋಡಿಸಿದ ಸಣ್ಣ ಸಣ್ಣ ಘಟಕಗಳಿವೆ. ಇವುಗಳಿಗೆ ಸಾರ್ಕೋಮಿಯರ್ ಎಂದು ಹೆಸರು. ಒಂದು ಸೆಂಟಿಮೀಟರ್ ಉದ್ದದಲ್ಲಿ ಇವು ಸುಮಾರು ನಾಲ್ಕು ಸಾವಿರ. ಪ್ರತಿ ಘಟಕದ ಎರಡು ತುದಿಗೂ ಒಂದೊಂದು ಗೋಡೆ. ವಿಜ್ಞಾನಿಗಳು ಇದನ್ನು 'ಝೆಡ್ ಗೆರೆ' ಎನ್ನುತ್ತಾರೆ. ಗೋಡೆಯಿಂದ ಹೊರಟ ಆಕ್ಟಿನ್ ಎಂಬ ಸಪುರ ಎಳೆಗಳು, ನಡುವೆ ಮಯೋಸಿನ್ ಎಂಬ ದಪ್ಪ ಎಳೆಗಳು. ಮಯೋಸಿನ್ನಿಗೆ ಅನೇಕ ಪುಟ್ಟ ತಲೆಗಳು. ಅವು ಆಕ್ಟಿನ್ನನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದಕ್ಕೆ ಹಿಡಿಯುತ್ತವೆ. ಆಗ ಗೋಡೆಗಳು ಹತ್ತಿರ ಸರಿಯುತ್ತವೆ; ಸ್ನಾಯು ಕುಗ್ಗುತ್ತದೆ. ಈ ಜಾರುವ ಎಳೆಗಳ ಸಿದ್ಧಾಂತವನ್ನು 1954ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಮುಂದಿಟ್ಟವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್ಗರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್.

ಕಾಪು, ಮಲ್ಪೆಯ ಕಡಲತೀರದಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದಡದಲ್ಲಿ ಸಾಲಾಗಿ ನಿಂತವರು ಹಗ್ಗ ಹಿಡಿದು, ಎಳೆದು, ಕೈ ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತಾರೆ. ಒಬ್ಬೊಬ್ಬರ ಎಳೆತ ಸಣ್ಣದು. ಎಲ್ಲರದೂ ಸೇರಿದರೆ ಬಲೆಯೇ ದಡಕ್ಕೆ ಬರುತ್ತದೆ.

ಓಡುವಾಗಿನ ಉರಿ ಬೇರೆ

ಹಗ್ಗ ಎಳೆಯುವವರಿಗೆ ಗಂಜಿ ಬೇಕು. ಮಯೋಸಿನ್ನಿನ ತಲೆಗಳಿಗೆ ಎ.ಟಿ.ಪಿ. ಎಂಬ ಇಂಧನ ಬೇಕು. ಜೀವಕೋಶದಲ್ಲಿ ಇದರ ದಾಸ್ತಾನು ಬಿರುಸಿನ ಓಟದ ಒಂದೆರಡು ಸೆಕೆಂಡಿಗೆ ಮಾತ್ರ ಸಾಕು. ಆ ಮೇಲೆ ಕೆಲವು ಸೆಕೆಂಡು ಕ್ರಿಯಾಟಿನ್ ಫಾಸ್ಫೇಟ್ ನೆರವಾಗುತ್ತದೆ. ಅನಂತರ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹಕ್ಕೆ ಕೈಹಾಕಬೇಕು. ಆಮ್ಲಜನಕವಿದ್ದು, ಮೈಟೊಕಾಂಡ್ರಿಯ ಎಂಬ ಕೋಶದೊಳಗಿನ ಒಲೆಗಳು ಸಾಕಷ್ಟಿದ್ದರೆ ಸಕ್ಕರೆ ಪೂರ್ತಿ ಉರಿದು ಹೇರಳ ಎ.ಟಿ.ಪಿ. ದೊರೆಯುತ್ತದೆ.

ಪಳಗದ ಸ್ನಾಯುವಿನ ತೊಂದರೆ ಇರುವುದು ಇಲ್ಲಿ. ಅದರಲ್ಲಿ ಒಲೆಗಳು ಕಡಿಮೆ, ರಕ್ತ ತರುವ ಲೋಮನಾಳಗಳೂ ಕಡಿಮೆ. ಹೀಗಾಗಿ ಅದು ಬಹುಬೇಗ ಸಕ್ಕರೆಯನ್ನು ಅರ್ಧಂಬರ್ಧ ಒಡೆಯುವ ಅವಸರದ ದಾರಿ ಹಿಡಿಯುತ್ತದೆ. ಲ್ಯಾಕ್ಟೇಟ್, ಆಮ್ಲೀಯತೆ, ಫಾಸ್ಫೇಟ್ ಏರುತ್ತವೆ. ಕಾಲು ಉರಿಯುತ್ತದೆ, ಭಾರವಾಗುತ್ತದೆ, ಏದುಸಿರು ಬರುತ್ತದೆ. ಮೂರನೇ ಸುತ್ತಿನಲ್ಲಿ ನಮ್ಮ ಹುಡುಗನಿಗೆ ಆದದ್ದು ಇದು.

ಬುಧವಾರದ ನೋವಿಗೂ ಈ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಬಹಳ ಮಂದಿ ನಂಬಿದ್ದಾರೆ. ಅದು ತಪ್ಪು. ಓಟ ನಿಂತು ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಸಮತಟ್ಟಾದ ಯಂತ್ರದ ಮೇಲೆ ಓಡಿದವರಲ್ಲಿ ಲ್ಯಾಕ್ಟೇಟ್ ಏರಿತು, ಮರುದಿನದ ನೋವು ಹೇಳಿಕೊಳ್ಳುವಂತಿರಲಿಲ್ಲ. ಇಳಿಜಾರಿನಲ್ಲಿ ಓಡಿದವರಲ್ಲಿ ಲ್ಯಾಕ್ಟೇಟ್ ಏರಲಿಲ್ಲ, ಆದರೆ ಮರುದಿನ ಕಾಲು ನೋಯಿತು.

ಹತ್ತುವುದು ಸುಲಭವಲ್ಲ, ಇಳಿಯುವುದು ಇನ್ನೂ ಅಲ್ಲ

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಚಾರಣ ಹೋಗಿ ಬಂದ ವಿದ್ಯಾರ್ಥಿಗಳನ್ನು ಕೇಳಿ. ಹತ್ತುವಾಗ ಉಸಿರು ಹೋಗುತ್ತದೆ. ಇಳಿಯುವಾಗ ಹರಟೆ ಹೊಡೆಯುತ್ತಾ ಬರಬಹುದು. ಆದರೆ ಎರಡು ದಿನ ಬಿಟ್ಟು ತೊಡೆ ನೋಯುವುದು ಮುಖ್ಯವಾಗಿ ಆ ಇಳಿದದ್ದಕ್ಕೆ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ದೇಹದ ಭಾರವನ್ನು ತಡೆಹಿಡಿಯುತ್ತಾ, ಎಳೆಯಲ್ಪಟ್ಟು ಉದ್ದವಾಗುತ್ತದೆ. ಬಸ್ಕಿಯಲ್ಲಿ ಕೂರುವಾಗ, ಹಾರಿ ನೆಲಕ್ಕೆ ಬರುವಾಗ, ಕೊಡಪಾನವನ್ನು ನಿಧಾನ ಕೆಳಗಿಡುವಾಗ ನಡೆಯುವುದೂ ಇದೇ. ಕೈರಂಪಣಿಯ ಹೋಲಿಕೆಯಲ್ಲಿ ಹೇಳುವುದಾದರೆ, ಹಗ್ಗ ಹಿಡಿದವರನ್ನು ಕಡಲೇ ಹಿಂದಕ್ಕೆ ಎಳೆದಂತೆ. ಹಗ್ಗ ಬಿಡುವಂತಿಲ್ಲ, ನಿಲ್ಲಿಸುವಷ್ಟು ಬಲವೂ ಸಾಲದು. ಆಗಲೇ ಅಂಗೈ ಸುಲಿಯುವುದು.

1980ರ ದಶಕದ ಆರಂಭದಲ್ಲಿ ಲಂಡನ್ನಿನ ಸಂಶೋಧಕರು ಕೆಲವರನ್ನು ಒಂದು ಎತ್ತರದ ಮೆಟ್ಟಿಲು ಹತ್ತಿಳಿಯುವಂತೆ ಮಾಡಿದರು. ಯಾವಾಗಲೂ ಒಂದೇ ಕಾಲಿನ ಬಲದಿಂದ ಹತ್ತಬೇಕು, ಇನ್ನೊಂದರ ಬಲದಿಂದ ಇಳಿಯಬೇಕು. ನೋವು ಬಂದದ್ದು ಇಳಿಸಿದ ಕಾಲಿಗೆ. ಸ್ವೀಡನ್ನಿನ ಯಾನ್ ಫ್ರಿಡೇನ್ ಮತ್ತು ಸಂಗಡಿಗರು 1981ರಲ್ಲಿ, ಮೆಟ್ಟಿಲುಗಳನ್ನು ಮತ್ತೆ ಮತ್ತೆ ಇಳಿದವರ ಕಾಲಿನಿಂದ ಸ್ನಾಯುವಿನ ಚೂರು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೇರವಾಗಿರಬೇಕಾದ ಝೆಡ್ ಗೆರೆಗಳು ಅಲ್ಲಲ್ಲಿ ಅಂಕುಡೊಂಕಾಗಿ ಹರಡಿಕೊಂಡಿದ್ದವು. ಸಾವಿರಾರು ಘಟಕಗಳಲ್ಲಿ ದುರ್ಬಲವಾದ ಕೆಲವು ಅತಿಯಾಗಿ ಹಿಗ್ಗಿ ತಾಳ ತಪ್ಪಿದ್ದವು.

ತಡವಾಗಿ ಬರುವ ನೋವು

ಘಟಕಗಳ ಜೊತೆಗೆ ಜೀವಕೋಶದ ಪೊರೆಯೂ ಅಲ್ಲಲ್ಲಿ ಸೋರುತ್ತದೆ. ಹೊರಗಿನ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕ್ಯಾಲ್ಸಿಯಂ ಹೆಚ್ಚಾದರೆ ಕ್ಯಾಲ್ಪೇನ್ ಎಂಬ ಕತ್ತರಿಗಳಂಥ ಕಿಣ್ವಗಳು ಎಚ್ಚೆತ್ತು, ಕೆಟ್ಟ ಪ್ರೋಟೀನುಗಳನ್ನು ಕತ್ತರಿಸತೊಡಗುತ್ತವೆ. ಒಳಗಿನ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಹೊರಗೆ ಸೋರಿ ರಕ್ತ ಸೇರುತ್ತದೆ. ಕೆಲವು ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಬರುತ್ತವೆ. ಒಂದೆರಡು ದಿನಗಳಲ್ಲಿ ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣಗಳು ಬಂದು ಕಸ ಗುಡಿಸುತ್ತವೆ, ದುರಸ್ತಿಗೆ ಕರೆಕೊಡುತ್ತವೆ. ಈ ಗದ್ದಲದಲ್ಲಿ ನೀರು ತುಂಬಿ ಬಾವು ಬರುತ್ತದೆ. ಬಿಡುಗಡೆಯಾದ ರಾಸಾಯನಿಕಗಳು ಸ್ನಾಯುವಿನ ಮತ್ತು ಅದರ ಹೊದಿಕೆಯ ನರತುದಿಗಳನ್ನು ಸೂಕ್ಷ್ಮಗೊಳಿಸುತ್ತವೆ. ಸುಮ್ಮನೆ ಮುಟ್ಟಿದರೂ ನೋಯುವುದು ಆದ್ದರಿಂದ.

ಇದೆಲ್ಲಕ್ಕೂ ಸಮಯ ಬೇಕು. ಹೀಗಾಗಿ ನೋವು ಮೊದಲ ರಾತ್ರಿ ಬಾರದೆ, ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಏರಿ, ವಾರದೊಳಗೆ ಇಳಿಯುತ್ತದೆ. ಅಮೆರಿಕದ ಥಿಯೊಡೋರ್ ಹಫ್ ಎಂಬವರು 1902ರಷ್ಟು ಹಿಂದೆಯೇ ಈ ತಡವಾದ ನೋವನ್ನು ಆಯಾಸದಿಂದ ಬೇರ್ಪಡಿಸಿ ವಿವರಿಸಿದ್ದರು. ಇಲ್ಲಿ ಒಂದು ಮಾತು ನೆನಪಿರಲಿ. ನೋವಿನ ಅಳತೆಯೂ ಸ್ನಾಯುವಿಗೆ ಬಿದ್ದ ಪೆಟ್ಟಿನ ಅಳತೆಯೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೆಚ್ಚು ನೋವಾದರೆ ಹೆಚ್ಚು ಲಾಭ ಎಂಬ ಲೆಕ್ಕವೂ ಸರಿಯಲ್ಲ.

ಪೆಟ್ಟು ತಿಂದ ಕೋಶ ಪಾಠ ಕಲಿಯುತ್ತದೆ

ಜೀವಕೋಶದ ವಿಶೇಷವೆಂದರೆ, ಅದು ಹರಿದುದನ್ನು ಹೊಲಿದು ಸುಮ್ಮನಾಗುವುದಿಲ್ಲ. ಮುಂದಿನ ಸಲಕ್ಕೆ ಸಿದ್ಧವಾಗುತ್ತದೆ.

ಬಿಸಿ, ಆಮ್ಲಜನಕದ ಕೊರತೆ, ಎಳೆತ ಇವೆಲ್ಲ ಕೋಶಕ್ಕೆ ಸಂಕಟಗಳೇ. ಇಂಥ ಹೊತ್ತಿಗೆ ಅದು 'ಶಾಖಾಘಾತ ಪ್ರೋಟೀನು'ಗಳನ್ನು ತಯಾರಿಸುತ್ತದೆ. ಇವು ಉಳಿದ ಪ್ರೋಟೀನುಗಳು ಮುದುಡಿ ಕೆಡದಂತೆ ಕೈಹಿಡಿದು ನಿಲ್ಲಿಸುವ ದಾದಿಯರು. ಇಟಲಿಯ ಫೆರುಚಿಯೊ ರಿಟೊಸ್ಸ ಇವುಗಳ ಸುಳಿವನ್ನು 1962ರಲ್ಲಿ ಪ್ರಕಟಿಸಿದರು. ಹಣ್ಣುನೊಣದ ಕೋಶಗಳಿದ್ದ ಪೆಟ್ಟಿಗೆಯ ಶಾಖವನ್ನು ಯಾರೋ ಆಕಸ್ಮಿಕವಾಗಿ ಏರಿಸಿದ್ದೇ ಆ ಶೋಧಕ್ಕೆ ದಾರಿಯಾಗಿತ್ತು. ವ್ಯಾಯಾಮದ ಬಳಿಕ ನಮ್ಮ ಸ್ನಾಯುಗಳಲ್ಲೂ ಇವು ಹೆಚ್ಚುತ್ತವೆ.

ತಂತುಗಳ ಅಂಚಿನಲ್ಲಿ ಮಲಗಿರುವ ಕೆಲವು ಪುಟ್ಟ ಕೋಶಗಳನ್ನು 1961ರಲ್ಲಿ ಅಲೆಕ್ಸಾಂಡರ್ ಮಾವ್ರೊ ಗುರುತಿಸಿದರು. ಅವಕ್ಕೆ ಉಪಗ್ರಹ ಕೋಶಗಳೆಂದು ಹೆಸರು. ಪೆಟ್ಟು ಬಿದ್ದಾಗ ಅವು ಎದ್ದು, ಒಂದು ಎರಡಾಗಿ, ತಂತುವಿನೊಡನೆ ಬೆರೆತು ಅದಕ್ಕೆ ಹೊಸ ಕೋಶಕೇಂದ್ರಗಳನ್ನು ಕೊಡುತ್ತವೆ.

ಇಂಧನ ತಗ್ಗಿದ್ದನ್ನು ಅಳೆಯುವ ವ್ಯವಸ್ಥೆಯೂ ಕೋಶದಲ್ಲಿದೆ. ಅದು ಕೋಶಕೇಂದ್ರದ ಜೀನುಗಳಿಗೆ, 'ಒಲೆ ಸಾಲದು, ಇನ್ನಷ್ಟು ಕಟ್ಟಿ' ಎಂಬ ಸಂದೇಶ ಮುಟ್ಟಿಸುತ್ತದೆ. ಅಮೆರಿಕದ ಜಾನ್ ಹಾಲೊಸ್ಜಿ 1967ರಲ್ಲಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಕಾಲಿನ ಸ್ನಾಯುವಿನ ಮೈಟೊಕಾಂಡ್ರಿಯಗಳಲ್ಲಿ ಉಸಿರಾಟದ ಕಿಣ್ವಗಳ ಸಾಮರ್ಥ್ಯ ಸುಮಾರು ಇಮ್ಮಡಿಯಾದುದನ್ನು ತೋರಿಸಿದರು. ವಾರಗಟ್ಟಲೆ ಎಂಬುದನ್ನು ಗಮನಿಸಿ. ಒಂದು ಸಂಜೆಯಲ್ಲಿ ಆಗುವ ಕೆಲಸವಲ್ಲ ಅದು.

ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚಿದಂತೆ ಕಾಣುವುದು ಬಹುಮಟ್ಟಿಗೆ ನರಗಳ ಕಲಿಕೆಯಿಂದ. ಹೆಚ್ಚು ತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಕರೆಯಲು ಮಿದುಳು ಮತ್ತು ನರಮಂಡಲ ಕಲಿಯುತ್ತವೆ. ಸ್ನಾಯು ದಪ್ಪವಾಗುವುದು ಆಮೇಲಿನ ಮಾತು.

ಇನ್ನು ಅಜ್ಜಿಯ ನೇಜಿಯ ಮಾತಿಗೆ ಬರೋಣ. ಒಮ್ಮೆ ನೋವು ತಂದ ಅದೇ ಕೆಲಸವನ್ನು ಒಂದೆರಡು ವಾರ ಬಿಟ್ಟು ಮಾಡಿದರೆ ನೋವು ತೀರ ಕಡಿಮೆ. ಈ ರಕ್ಷಣೆ ಹಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಉಳಿಯುತ್ತದೆ. ವಿಜ್ಞಾನಿಗಳು ಅನೇಕ ಪ್ರಯೋಗಗಳಲ್ಲಿ ಇದನ್ನು ಕಂಡಿದ್ದಾರೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಈ ರಕ್ಷಣೆ ಪಡೆಯಲು ಮೊದಲ ಸಲ ಕಾಲು ಎತ್ತಲಾರದಷ್ಟು ದುಡಿಯಬೇಕಾಗಿಲ್ಲ. ಸ್ವಲ್ಪವೇ ಇಳಿದರೂ, ಕೆಲವೇ ಬಸ್ಕಿ ಹೊಡೆದರೂ ಸ್ನಾಯು ಪಾಠ ಕಲಿಯುತ್ತದೆ.

ವಂಡ್ಸೆಯಿಂದ ಬರ್ಮಿಂಗ್‌ಹ್ಯಾಮಿಗೆ

ಉಡುಪಿ ಜಿಲ್ಲೆಯ ಮಕ್ಕಳಿಗೆ ಗುರುರಾಜ ಪೂಜಾರಿಯವರ ಹೆಸರು ಹೊಸದಲ್ಲ. ಕುಂದಾಪುರ ಕಡೆಯ ವಂಡ್ಸೆಯ ಈ ಲಾರಿ ಚಾಲಕರ ಮಗ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದುದನ್ನು ಕಂಡು ಮೊದಲು ಕುಸ್ತಿಗೆ ಇಳಿದವರು. ಭಾರ ಎತ್ತುವ ಸ್ಪರ್ಧೆಗೆ ಬಂದದ್ದು ಉಜಿರೆಯ ಎಸ್.ಡಿ.ಎಂ. ಕಾಲೇಜು ಸೇರಿದ ಮೇಲೆ. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದಲ್ಲಿ ಒಟ್ಟು 269 ಕಿಲೋ ಎತ್ತಿ ಕಂಚು ಪಡೆದರು.

ಈ ಎರಡು ಅಂಕೆಗಳ ನಡುವಿನ ವ್ಯತ್ಯಾಸ 20 ಕಿಲೋ. ಕಳೆದದ್ದು ನಾಲ್ಕು ವರ್ಷ. ದೇಹತೂಕದ ವಿಭಾಗವೂ ಬದಲಾಗಿತ್ತೆಂಬುದನ್ನು ಮರೆಯಬಾರದು. ಅಂತರರಾಷ್ಟ್ರೀಯ ಮಟ್ಟದ ಪಳಗಿದ ಸ್ನಾಯುವೂ ವರ್ಷಕ್ಕೆ ಸರಾಸರಿ ಐದು ಕಿಲೋದ ಲೆಕ್ಕದಲ್ಲಿ ಮೇಲೇರಿದಾಗ, ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ಸಂಜೆಯಲ್ಲಿ ಇಡೀ ಮಳೆಗಾಲದ ಬಾಕಿ ತೀರಿಸಲು ಹೊರಡುವುದು ಎಷ್ಟು ಸರಿ?

ಎಚ್ಚರ ಬೇಕಾದ ಜಾಗ

ಅಪ್ಪನ ಸಲಹೆಯಲ್ಲಿ ಅಪಾಯವಿರುವುದು ಇಲ್ಲಿ. ದುರಸ್ತಿ ನಡೆಯುತ್ತಿರುವ ಸ್ನಾಯುವಿನ ಬಲ ಕೆಲವು ದಿನ ತಗ್ಗಿರುತ್ತದೆ. ಅದರ ಮೇಲೆ ಅಷ್ಟೇ ಹೊರೆ ಹಾಕಿದರೆ ಉಳುಕು, ಬೀಳು ಸಹಜ. ಮಿತಿಮೀರಿದರೆ ತಂತುಗಳು ರಾಶಿರಾಶಿಯಾಗಿ ಒಡೆದು, ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ರಕ್ತಕ್ಕೆ ಸುರಿಯುತ್ತದೆ. ಅದನ್ನು ಸೋಸಲು ಹೋಗಿ ಮೂತ್ರಪಿಂಡಗಳೇ ಸೋಲಬಹುದು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಬಿದ್ದ ಲಂಡನ್ನಿನ ಕಟ್ಟಡಗಳಡಿ ಸಿಕ್ಕಿ ಸ್ನಾಯು ಜಜ್ಜಿಹೋದವರಲ್ಲಿ ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ಇದನ್ನು ವಿವರಿಸಿದರು. ಅತಿಯಾದ ವ್ಯಾಯಾಮದಿಂದಲೂ ಇದು ಆಗುತ್ತದೆಂಬುದು ಈಗ ವೈದ್ಯರಿಗೆಲ್ಲ ತಿಳಿದ ವಿಷಯ. ಅಪರೂಪವಾದರೂ ಪ್ರಾಣಾಂತಕ.

ಒಮ್ಮೆಲೇ ನೂರಾರು ಬಸ್ಕಿ ಹೊಡೆದ ಪಳಗದ ಹುಡುಗರಲ್ಲಿ, ಸೆಕೆಯಲ್ಲಿ ನೀರು ಕುಡಿಯದೆ ಓಡಿದವರಲ್ಲಿ, ಜ್ವರವಿದ್ದೂ ಮೈದಾನಕ್ಕೆ ಇಳಿದವರಲ್ಲಿ ಇದರ ಭಯ ಹೆಚ್ಚು. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದಿಲ್ಲ ಎಂಬುದೂ ಗಮನದಲ್ಲಿರಲಿ. ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯು ವಿಪರೀತ ಊದಿಕೊಂಡರೆ, ಕೈಕಾಲು ಬಲವಿಲ್ಲದಂತಾದರೆ ಎಣ್ಣೆ ಹಚ್ಚುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ಶಿಕ್ಷೆಯಾಗಿ ಬಸ್ಕಿ ಹೊಡೆಸುವುದು ವ್ಯಾಯಾಮವಲ್ಲ. ಅದಕ್ಕೆ ಅಳತೆಯಿಲ್ಲ, ವಿರಾಮವಿಲ್ಲ. ಮಗುವಿನ ಸ್ಥಿತಿಯನ್ನು ಕೇಳುವವರೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಜೀವಕೋಶದ ವಿಜ್ಞಾನವೂ ಅದೇ ಮಾತನ್ನು ಹೇಳುತ್ತದೆ.

ಹಾಗಾದರೆ ಮಾಡಬೇಕಾದುದೇನು?

ಬಿಡುವಿನ ಬಳಿಕ ಶುರುಮಾಡುವವರು ಮೊದಲ ದಿನ 'ಇನ್ನೂ ಓಡಬಹುದಿತ್ತು' ಎನ್ನಿಸುವಾಗಲೇ ನಿಲ್ಲಿಸಬೇಕು. ಸ್ವಲ್ಪ ಓಟ, ಸ್ವಲ್ಪ ನಡಿಗೆ. ಹತ್ತೋ ಹದಿನೈದೋ ಬಸ್ಕಿ. ಬಿರುಸಿನ ಅಭ್ಯಾಸಗಳ ನಡುವೆ ಒಂದೆರಡು ದಿನ ಬಿಡುವಿರಲಿ. ಹೊರೆಯನ್ನು ವಾರದಿಂದ ವಾರಕ್ಕೆ ಏರಿಸಿ. ಅಜ್ಜರಕಾಡು ಕ್ರೀಡಾಂಗಣದಲ್ಲಿ ಮುಂದೆ ಓಡಬೇಕೆಂಬ ಆಸೆಯಿದ್ದವರು ಕೂಟಕ್ಕೆ ಎಂಟು ದಿನವಿರುವಾಗ ಏಳುವುದಲ್ಲ, ಎಂಟು ವಾರವಿರುವಾಗಲೇ ಏಳಬೇಕು. ಪೊಲೀಸ್, ಸೈನ್ಯದ ನೇಮಕಾತಿಯ ಓಟಕ್ಕೆ ಹೊರಟ ಯುವಕರಿಗೂ ಇದೇ ಮಾತು.

ನೋವಿರುವಾಗ ನಿಧಾನ ನಡಿಗೆ, ಹಗುರ ಸೈಕಲ್ ಸವಾರಿ ತಾತ್ಕಾಲಿಕ ಹಿತ ಕೊಡುತ್ತವೆ. ಎಣ್ಣೆ ತಿಕ್ಕಿ ಬಿಸಿ ನೀರು ಮಿಂದರೂ ಹಾಗೆಯೇ. ಮೈ ಎಳೆಯುವ ವ್ಯಾಯಾಮಗಳಿಂದ ಈ ನೋವು ತಗ್ಗುತ್ತದೆಯೇ ಎಂದು ನಡೆದ ಅಧ್ಯಯನಗಳಲ್ಲಿ ಕಂಡ ಪ್ರಯೋಜನ ತೀರ ಅಲ್ಪ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಿ ಮೈದಾನಕ್ಕೆ ಇಳಿಯುವುದಂತೂ ಬೇಡ. ದುರಸ್ತಿಗೆ ಬೇಕಾದುದು ನಿದ್ದೆ ಮತ್ತು ಊಟ. ಕುಚ್ಚಲಕ್ಕಿ ಗಂಜಿ ಖಾಲಿಯಾದ ಗ್ಲೈಕೋಜನನ್ನು ತುಂಬುತ್ತದೆ. ಮೀನು, ಮೊಟ್ಟೆ, ಹೆಸರುಕಾಳು, ಹಾಲು ಪ್ರೋಟೀನು ಕೊಡುತ್ತವೆ. ದುಬಾರಿ ಡಬ್ಬಿಗಳ ಅಗತ್ಯ ಸಾಮಾನ್ಯ ವಿದ್ಯಾರ್ಥಿಗೆ ಇಲ್ಲ.

ಇನ್ನು ಅಮ್ಮನ ಆತಂಕ. ಪರೀಕ್ಷೆಯ ವರ್ಷದಲ್ಲಿ ಆಟ ನಿಲ್ಲಿಸುವುದು ನಮ್ಮಲ್ಲಿ ರೂಢಿಯೇ ಆಗಿದೆ. ಆದರೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಸ್ನಾಯು ಕಟ್ಟಿದ ಒಲೆಗಳನ್ನು ಬಳಸದಿದ್ದರೆ ಅದು ಕೆಲವೇ ವಾರಗಳಲ್ಲಿ ಕೆಡವಲು ತೊಡಗುತ್ತದೆ. ಹತ್ತನೇ ತರಗತಿ ಮುಗಿಸಿ ಮತ್ತೆ ಮೈದಾನಕ್ಕೆ ಬಂದವನು ಪಳಗದವನಾಗಿಯೇ ಮೊದಲಿನಿಂದ ಶುರುಮಾಡಬೇಕು.

ನಮ್ಮ ಪಕ್ಕದ ಮನೆಯ ಹುಡುಗ ಗುರುವಾರ, ಶುಕ್ರವಾರ ಮೈದಾನದ ಸುತ್ತ ನಡೆದ, ಅಷ್ಟೆ. ಮುಂದಿನ ವಾರ ಪಿ.ಟಿ. ಮಾಸ್ಟ್ರು ಅವನಿಗೆ ನಾಲ್ಕೇ ಸುತ್ತು ಕೊಟ್ಟರು. ಮರುದಿನ ಬಸ್ಸಿನಿಂದ ನೆಟ್ಟಗೆ ಇಳಿದು ಬಂದ. "ನೋವಿಲ್ಲವಾ?" ಎಂದು ಅಜ್ಜಿ ಕೇಳಿದರು. "ಸ್ವಲ್ಪ ಉಂಟು" ಎಂದ. "ಸ್ವಲ್ಪ ಇರಲಿ ಬಿಡು" ಎಂದು ಅಜ್ಜಿ ಒಳಗೆ ಹೋದರು.